ನ್ಯಾಯಮೂರ್ತಿ ಕೌಡೂರು ಸದಾನಂದ ಹೆಗ್ಡೆ: ಗಡಿ ಕನ್ನಡಿಗರು ಯಾಕೆ ನೆನೆಯಬೇಕು?

(ಬೇರಿಕೆಯಲ್ಲಿ ಸಂವಿಧಾನ ದಿನದ ಸಭೆಯಲ್ಲಿ ಆಡಿದ ಮಾತು. ಕೇಳಿದವರು ಬರೆದು ಕೊಡಿ ಅಂದಿದ್ದರಿಂದ ಇಲ್ಲಿ ಹಾಕಿದ್ದೀವಿ.)



ಸಂವಿಧಾನದ ಬಗ್ಗೆ ನಾಲ್ಕು ಮಾತಾಡಿ ಅಂತ ಕೇಳಿದ್ರು. ನಾವು ವಕೀಲರಲ್ಲ. ಬಿ.ಕಾಂ. ಓದಿ ಬ್ಯಾಂಕಿನ ಕೌಂಟರಿನಲ್ಲಿ ಕೂತವರು. ವಿಧಿ ಇಷ್ಟು, ಕಲಂ ಇಷ್ಟು ಅಂತ ಪಟ್ಟಿ ಓದಿದರೆ ನಿಮಗೂ ನಿದ್ದೆ ಬರುತ್ತೆ, ನಮಗೂ ಬರುತ್ತೆ. ಅದರ ಬದಲು ಒಬ್ಬ ನ್ಯಾಯಾಧೀಶರ ಬದುಕು ಹೇಳ್ತೀವಿ. ದೇಶದ ಮುಖ್ಯ ನ್ಯಾಯಮೂರ್ತಿ ಆಗಬೇಕಾಗಿದ್ದವರು, ಆಗಲಿಲ್ಲ. ಅವರು ಕಳಕೊಂಡಿದ್ದು ಏನು, ಅದರಿಂದ ನಮಗೆ ಉಳಿದಿದ್ದು ಏನು ಅನ್ನೋದೇ ಇವತ್ತಿನ ಲೆಕ್ಕ.

ಹೆಸರು ಕೌಡೂರು ಸದಾನಂದ ಹೆಗ್ಡೆ. ಮಂಗಳೂರು ಕಡೆ ಹೋದವರು ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ಆಸ್ಪತ್ರೆ ನೋಡಿರ್ತೀರಿ. ಆ ಹೆಸರು ಇವರದೇ. ಆಸ್ಪತ್ರೆಗೆ ಹೋಗಿ ಚೀಟಿ ಮಾಡಿಸೋ ಎಷ್ಟೋ ಜನಕ್ಕೆ ಈ ಹೆಗ್ಡೆ ಯಾರು ಅಂತ ಗೊತ್ತಿರೋದಿಲ್ಲ.

1909ರ ಜೂನ್ 11ರಂದು ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ ಹುಟ್ಟಿದರು. ಆವಾಗ ಅದು ದಕ್ಷಿಣ ಕನ್ನಡ ಜಿಲ್ಲೆ, ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದು. ಇಲ್ಲಿ ಸ್ವಲ್ಪ ನಿಲ್ಲೋಣ. ಆಗ ನಮ್ಮ ಹೊಸೂರು ಸೀಮೆ ಸೇಲಂ ಜಿಲ್ಲೆ. ಅದೂ ಮದ್ರಾಸ್ ಪ್ರಾಂತ್ಯವೇ. ಅಂದ್ರೆ ಹೆಗ್ಡೆಯವರು ಹುಟ್ಟಿದ್ದೂ ಬೆಳೆದಿದ್ದೂ ನಮ್ಮ ಹಾಗೇ, ರಾಜಧಾನಿ ಮದ್ರಾಸಿನಲ್ಲಿರೋ ರಾಜ್ಯದಲ್ಲಿ, ಅಲ್ಪಸಂಖ್ಯೆಯ ಭಾಷೆಯವರಾಗಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮೇಲಿನ ಓದಿಗೆ ಇಂಗ್ಲಿಷು. ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜು ಮುಗಿಸಿ ಮದ್ರಾಸಿಗೆ ಹೋಗಿ ಪ್ರೆಸಿಡೆನ್ಸಿ ಕಾಲೇಜು, ಆಮೇಲೆ ಲಾ ಕಾಲೇಜು. ಓದು ಮುಗಿಸಿ ಊರ ಕಡೆ ಬಂದು ವಕೀಲಿಕೆ ಮಾಡಿದರು. 1947ರಿಂದ 1951ರವರೆಗೆ ದಕ್ಷಿಣ ಕನ್ನಡದ ಸರ್ಕಾರಿ ವಕೀಲರು. 1952ರಲ್ಲಿ ಮದ್ರಾಸ್ ರಾಜ್ಯದಿಂದ ಕಾಂಗ್ರೆಸ್ ಪಕ್ಷದ ರಾಜ್ಯಸಭಾ ಸದಸ್ಯರಾದರು.

ಅವರು ಸದಸ್ಯರಾಗಿದ್ದಾಗಲೇ 1956 ಬಂತು. ಆ ವರ್ಷದ ನವೆಂಬರ್ 1 ನಮಗೆಲ್ಲ ಬಾಯಿಪಾಠ. ರಾಜ್ಯಗಳು ಭಾಷೆ ಪ್ರಕಾರ ಹಂಚಿಕೆ ಆದವು. ಹೆಗ್ಡೆಯವರ ಕಾರ್ಕಳ ಮೈಸೂರು ರಾಜ್ಯಕ್ಕೆ ಹೋಯ್ತು. ಅದೇ ಜಿಲ್ಲೆಯ ಕಾಸರಗೋಡು ಕೇರಳಕ್ಕೆ ಹೋಯ್ತು. ನಾವು ಇದ್ದಲ್ಲೇ ಉಳಿದ್ವಿ. ಅದೇ ದಿನ ಇನ್ನೊಂದು ಕೆಲಸವೂ ಆಯ್ತು, ಅದನ್ನ ನಾವು ಯಾರೂ ಬಾಯಿಪಾಠ ಮಾಡಿಲ್ಲ. ಸಂವಿಧಾನದ 7ನೇ ತಿದ್ದುಪಡಿಯಲ್ಲಿ 350ಎ, 350ಬಿ ಅಂತ ಎರಡು ವಿಧಿ ಸೇರಿದವು. ಮೊದಲನೆಯದು ಹೇಳೋದು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯಲ್ಲಿ ಕಲಿಸೋ ಅನುಕೂಲ ಮಾಡಿಕೊಡೋದಕ್ಕೆ ರಾಜ್ಯ ಪ್ರಯತ್ನಪಡಬೇಕು. ಎರಡನೆಯದು ಹೇಳೋದು: ಇದನ್ನ ನೋಡಿಕೊಳ್ಳೋದಕ್ಕೆ ಒಬ್ಬ ವಿಶೇಷಾಧಿಕಾರಿ ಇರಬೇಕು, ಅವರ ವರದಿ ರಾಷ್ಟ್ರಪತಿಗೆ ಹೋಗಬೇಕು. ಗಡಿ ಎಳೆದ ಕೈಯೇ ಗಡಿಯಾಚೆ ಉಳಿದವರಿಗೆ ಈ ಎರಡು ಸಾಲೂ ಬರೆದಿಟ್ಟಿತು.

1957ರ ಆಗಸ್ಟಿನಲ್ಲಿ ಹೆಗ್ಡೆಯವರು ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾದರು. 1966ರಲ್ಲಿ ದೆಹಲಿ ಹೈಕೋರ್ಟ್ ಹೊಸದಾಗಿ ಶುರುವಾದಾಗ ಅದರ ಮೊದಲ ಮುಖ್ಯ ನ್ಯಾಯಮೂರ್ತಿ ಇವರೇ. 1967ರ ಜುಲೈನಲ್ಲಿ ಸುಪ್ರೀಂ ಕೋರ್ಟಿಗೆ ಬಂದರು. ಅಲ್ಲಿ ಆರು ವರ್ಷಕ್ಕೆ ಸ್ವಲ್ಪ ಕಮ್ಮಿ ಇದ್ದರು. ಆ ಆರು ವರ್ಷದಲ್ಲಿ ಮೂರು ಮೊಕದ್ದಮೆ ಮಾತ್ರ ತಗೊಂಡು ಹೇಳ್ತೀವಿ.

ಮೊದಲನೆಯದು 1969ರದ್ದು, ಕ್ರೈಪಾಕ್ ಮೊಕದ್ದಮೆ ಅಂತಾರೆ. ಜಮ್ಮು-ಕಾಶ್ಮೀರದಲ್ಲಿ ಅರಣ್ಯ ಸೇವೆಗೆ ಅಧಿಕಾರಿಗಳನ್ನ ಆರಿಸೋ ಒಂದು ಮಂಡಳಿ ಇತ್ತು. ಆ ಮಂಡಳಿಯ ಒಬ್ಬ ಸದಸ್ಯರೇ ಆ ಹುದ್ದೆಗೆ ಅಭ್ಯರ್ಥಿ! ತನ್ನ ಹೆಸರು ಚರ್ಚೆಗೆ ಬಂದಾಗ ಅವರು ಕೂತಿರಲಿಲ್ಲ. ಆದರೆ ತನಗೆ ಪೈಪೋಟಿ ಕೊಡೋ ಬೇರೆಯವರ ಹೆಸರು ಬಂದಾಗ ಕೂತಿದ್ದರು. ಆಯ್ಕೆ ಪಟ್ಟಿಯಲ್ಲಿ ಅವರ ಹೆಸರು ಎಲ್ಲರಿಗಿಂತ ಮೇಲೆ ಬಂತು. ಸರ್ಕಾರದ ವಾದ ಏನಂದ್ರೆ, ಇದು ಆಡಳಿತದ ಕೆಲಸ, ಕೋರ್ಟಿನ ಕೆಲಸ ಅಲ್ಲ, ಇಲ್ಲಿ ಸಹಜ ನ್ಯಾಯದ ನಿಯಮ ಲಾಗೂ ಆಗಲ್ಲ ಅಂತ. ಐವರು ನ್ಯಾಯಾಧೀಶರ ಪೀಠದ ಪರವಾಗಿ ಹೆಗ್ಡೆಯವರು ತೀರ್ಪು ಬರೆದರು. ಆಡಳಿತದ ಕೆಲಸ, ನ್ಯಾಯ ತೀರ್ಮಾನದ ಕೆಲಸ ಇವೆರಡರ ನಡುವಿನ ಗೆರೆ ತುಂಬಾ ತೆಳ್ಳಗಾಗಿದೆ, ಕ್ರಮೇಣ ಅಳಿಸಿ ಹೋಗ್ತಿದೆ. ಜನರ ಹಕ್ಕಿಗೆ ಪೆಟ್ಟು ಕೊಡೋ ತೀರ್ಮಾನ ಯಾರೇ ಮಾಡಲಿ, ನ್ಯಾಯವಾಗಿ ಮಾಡಬೇಕು ಅನ್ನೋದು ಆ ತೀರ್ಪಿನ ಸಾರ. ಆಯ್ಕೆ ರದ್ದಾಯ್ತು.

ಇದು ನಮ್ಮ ಬ್ಯಾಂಕಿನವರಿಗೆ ಬೇಗ ಅರ್ಥ ಆಗುತ್ತೆ. ನಮ್ಮಲ್ಲಿ ಮೇಕರ್, ಚೆಕರ್ ಅಂತ ಇದೆ. ಎಂಟ್ರಿ ಹಾಕಿದವನೇ ಅದನ್ನ ಪಾಸ್ ಮಾಡೋ ಹಾಗಿಲ್ಲ, ಇನ್ನೊಬ್ಬರು ನೋಡಿ ಪಾಸ್ ಮಾಡಬೇಕು. ಹಾಕಿದವನು ಕಳ್ಳ ಅಂತ ಅಲ್ಲ. ಎಷ್ಟೇ ಪ್ರಾಮಾಣಿಕ ಆದರೂ ತನ್ನ ಎಂಟ್ರಿಗೆ ತಾನೇ ಸಹಿ ಹಾಕಬಾರದು, ಅಷ್ಟೇ. ಇವತ್ತು ತಾಲ್ಲೂಕು ಕಚೇರಿಯಲ್ಲೋ ಶಿಕ್ಷಣ ಇಲಾಖೆಯಲ್ಲೋ ನಿಮ್ಮ ಅರ್ಜಿಯನ್ನ ನಿಮ್ಮ ಮಾತು ಕೇಳದೆ ತಳ್ಳಿ ಹಾಕಿದರೆ, ವಕೀಲರು ಕೋರ್ಟಿನಲ್ಲಿ ಎತ್ತೋ ಹಳೇ ತೀರ್ಪುಗಳಲ್ಲಿ ಈ ಕ್ರೈಪಾಕ್ ಕೂಡ ಒಂದು. ಐವತ್ತು ವರ್ಷ ದಾಟಿದರೂ ಅದು ಸವೆದಿಲ್ಲ.

ಎರಡನೆಯದು ನಮ್ಮ ಹೊಟ್ಟೆಪಾಡಿಗೆ ಸಂಬಂಧಪಟ್ಟಿದ್ದು. 1969ರ ಜುಲೈ 19ರಂದು ಇಂದಿರಾ ಗಾಂಧಿಯವರ ಸರ್ಕಾರ 14 ಬ್ಯಾಂಕುಗಳನ್ನ ರಾಷ್ಟ್ರೀಕರಣ ಮಾಡಿತು. ಅದರಲ್ಲಿ ಹೆಗ್ಡೆಯವರ ಜಿಲ್ಲೆಯಲ್ಲೇ ಹುಟ್ಟಿದ ಎರಡು ಬ್ಯಾಂಕು ಇದ್ದವು: ಮಂಗಳೂರಿನಲ್ಲಿ ಶುರುವಾದ ಕೆನರಾ ಬ್ಯಾಂಕು, ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕು. ಅದು ಸುಪ್ರೀಂ ಕೋರ್ಟಿಗೆ ಹೋಯ್ತು. 1970ರ ಫೆಬ್ರವರಿ 10ರಂದು 11 ನ್ಯಾಯಾಧೀಶರಲ್ಲಿ 10 ಜನ ಆ ಕಾನೂನನ್ನ ಹೊಡೆದು ಹಾಕಿದರು. ಆ 10ರಲ್ಲಿ ಹೆಗ್ಡೆಯವರೂ ಒಬ್ಬರು. ಒಪ್ಪದೆ ಉಳಿದವರು ಎ.ಎನ್. ರೇ ಒಬ್ಬರೇ. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ರಾಷ್ಟ್ರೀಕರಣ ಆಗಿದ್ದರಿಂದಲೇ ಬ್ಯಾಂಕು ಹಳ್ಳಿ ಕಡೆ ಬಂದಿದ್ದು, ನಮ್ಮಂಥವರಿಗೆ ಕೆಲಸ ಸಿಕ್ಕಿದ್ದು. ಆಮೇಲೆ ಹೆಗ್ಡೆಯವರನ್ನ ಹೊಗಳೋದು ಹ್ಯಾಗೆ ಅಂತ ನಮ್ಮ ಸಹೋದ್ಯೋಗಿಗಳೇ ಕೇಳ್ತಾರೆ. ಸರಿಯಾದ ಪ್ರಶ್ನೆ. ತೀರ್ಪನ್ನ ನೋಡಿದರೆ ಉತ್ತರ ಇದೆ. ಬ್ಯಾಂಕು ತಗೊಳ್ಳೋ ಅಧಿಕಾರ ಸಂಸತ್ತಿಗೆ ಇಲ್ಲ ಅಂತ ಕೋರ್ಟು ಹೇಳಲಿಲ್ಲ. ತಗೊಂಡ ರೀತಿ ತಪ್ಪು ಅಂತು. ಈ 14 ಬ್ಯಾಂಕುಗಳಿಗೆ ಮಾತ್ರ ಮುಂದೆ ಬ್ಯಾಂಕಿಂಗ್ ಮಾಡಬಾರದು ಅಂತ ಕಟ್ಟು ಹಾಕಿದ್ದು ತಾರತಮ್ಯ, ಪರಿಹಾರ ಲೆಕ್ಕ ಹಾಕಿದ ಕ್ರಮ ಸರಿ ಇಲ್ಲ ಅಂತು. ನಾಲ್ಕೇ ದಿನಕ್ಕೆ ಸರ್ಕಾರ ಹೊಸ ಸುಗ್ರೀವಾಜ್ಞೆ ತಂದು ಬ್ಯಾಂಕುಗಳನ್ನ ಮತ್ತೆ ತಗೊಂಡಿತು. ಕೆಲಸ ಒಳ್ಳೇದಾಗಿದ್ದರೂ ವೋಚರ್ ಸರಿ ಇರಬೇಕು ಅನ್ನೋದನ್ನ ಬ್ಯಾಂಕಿನವರಾದ ನಾವೇ ಒಪ್ಪದಿದ್ದರೆ ಹ್ಯಾಗೆ?

ಮೂರನೆಯದೇ ದೊಡ್ಡದು. ಅದು ಹೊರಟಿದ್ದು ದೆಹಲಿಯಿಂದಲ್ಲ, ಕಾಸರಗೋಡಿನ ಹತ್ತಿರದ ಎಡನೀರು ಮಠದಿಂದ. ಮಠದ ಪೀಠಾಧಿಪತಿ ಕೇಶವಾನಂದ ಭಾರತಿ ಸ್ವಾಮೀಜಿ. ಗಡಿಯಾಚೆ ಉಳಿದ ಕನ್ನಡದ ಮಠ ಅದು; ಯಕ್ಷಗಾನ, ಸಂಗೀತ, ಶಾಲೆ ಎಲ್ಲ ನಡೆಸಿಕೊಂಡು ಬಂದಿದ್ದು. ಕೇರಳದ ಭೂ ಸುಧಾರಣೆ ಕಾನೂನಿನಲ್ಲಿ ಮಠದ ಜಮೀನು ಹೋಗೋದಿತ್ತು. ಸ್ವಾಮೀಜಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಅಷ್ಟರಲ್ಲಿ ಸಂಸತ್ತು ಸಂವಿಧಾನಕ್ಕೆ ಒಂದರ ಮೇಲೊಂದು ತಿದ್ದುಪಡಿ ತಂದಿತು. ಜಮೀನಿನ ಪ್ರಶ್ನೆ ಹಿಂದೆ ಸರಿದು ದೊಡ್ಡ ಪ್ರಶ್ನೆ ಮುಂದೆ ಬಂತು: ಮೂರರಲ್ಲಿ ಎರಡು ಪಾಲು ಬಹುಮತ ಇದ್ದರೆ ಸಂಸತ್ತು ಸಂವಿಧಾನದಲ್ಲಿ ಏನು ಬೇಕಾದರೂ ಬದಲಾಯಿಸಬಹುದಾ?

ಈ ಪ್ರಶ್ನೆ ಅಲ್ಪಸಂಖ್ಯಾತರಿಗೆ ಎಷ್ಟು ಹತ್ತಿರದ್ದು ಅಂತ ನೋಡಿ. ಯಾವ ಕಾಲಕ್ಕೂ ಮೂರರಲ್ಲಿ ಎರಡು ಪಾಲು ನಮ್ಮ ಕೈಲಿ ಇರೋದಿಲ್ಲ. ಎಡನೀರಿನವರಿಗೆ ತಿರುವನಂತಪುರದಲ್ಲಿ ಇಲ್ಲ, ನಮಗೆ ಚೆನ್ನೈನಲ್ಲಿ ಇಲ್ಲ, ಇಬ್ಬರಿಗೂ ದೆಹಲಿಯಲ್ಲಿ ಇಲ್ಲ. ಬೆಂಗಳೂರಿನಲ್ಲಿರೋ ತಮಿಳರಿಗೆ, ಕೋಲಾರದ ತೆಲುಗರಿಗೆ ವಿಧಾನಸೌಧದಲ್ಲೂ ಇಲ್ಲ. ಎಣಿಕೆ ಒಂದರಿಂದಲೇ ಎಲ್ಲ ತೀರ್ಮಾನ ಆಗೋದಾದರೆ ಕಡಿಮೆ ಇರೋರು ಯಾವಾಗಲೂ ಸೋಲಬೇಕು.

13 ನ್ಯಾಯಾಧೀಶರು ಕೂತು 68 ದಿನ ವಾದ ಕೇಳಿದರು. ಅಷ್ಟು ದೊಡ್ಡ ಪೀಠ ಅದಕ್ಕೆ ಮುಂಚೆಯೂ ತೀರ್ಪು ಕೊಟ್ಟಿಲ್ಲ, ಆಮೇಲೂ ಕೊಟ್ಟಿಲ್ಲ. ಸ್ವಾಮೀಜಿ ಪರ ನಾನಿ ಪಾಲ್ಖಿವಾಲಾ ವಾದಿಸಿದರು. 1973ರ ಏಪ್ರಿಲ್ 24ರಂದು ತೀರ್ಪು ಬಂತು. 7 ಜನ ಒಂದು ಕಡೆ, 6 ಜನ ಇನ್ನೊಂದು ಕಡೆ. ಸಂಸತ್ತು ಸಂವಿಧಾನವನ್ನ ತಿದ್ದಬಹುದು, ಆದರೆ ಅದರ ಮೂಲ ರಚನೆಯನ್ನ ಕೆಡಿಸೋ ಹಾಗಿಲ್ಲ ಅಂತ ಒಂದೇ ಒಂದು ಮತದ ಅಂತರದಲ್ಲಿ ತೀರ್ಮಾನ ಆಯ್ತು. ಆ ಏಳರಲ್ಲಿ ಹೆಗ್ಡೆಯವರು ಇದ್ದರು. ನ್ಯಾಯಮೂರ್ತಿ ಎ.ಕೆ. ಮುಖರ್ಜಿಯವರ ಜೊತೆ ಸೇರಿ ಬರೆದ ತೀರ್ಪಿನಲ್ಲಿ ಮೂಲ ಅಂಶಗಳನ್ನ ಹೆಸರಿಸಿದರು: ದೇಶದ ಸಾರ್ವಭೌಮತ್ವ, ಪ್ರಜಾಪ್ರಭುತ್ವದ ಸ್ವರೂಪ, ದೇಶದ ಏಕತೆ, ವ್ಯಕ್ತಿಸ್ವಾತಂತ್ರ್ಯದ ಮುಖ್ಯ ಅಂಶಗಳು, ಜೊತೆಗೆ ಕಲ್ಯಾಣ ರಾಜ್ಯ ಮತ್ತು ಸಮಾನತೆಯ ಸಮಾಜ ಕಟ್ಟೋ ಜವಾಬ್ದಾರಿ. ಕೊನೆಯದನ್ನ ಗಮನಿಸಿ. ಬಡವರ ಪರ ಕಾನೂನು ಮಾಡೋದಕ್ಕೆ ಇವರು ವಿರೋಧಿ ಅಂತ ಆವಾಗ ಟೀಕೆ ಇತ್ತು. ಸಮಾನತೆಯ ಸಮಾಜವನ್ನೂ ಮೂಲ ಅಂಶ ಅಂತಲೇ ಬರೆದವರು ಇವರು.

ಸ್ವಾಮೀಜಿಗೆ ಜಮೀನು ಉಳೀಲಿಲ್ಲ. ಭೂ ಸುಧಾರಣೆಗೆ ರಕ್ಷಣೆ ಕೊಟ್ಟ 29ನೇ ತಿದ್ದುಪಡಿ ನಿಂತಿತು. ಅರ್ಜಿ ಹಾಕಿದವರಿಗೆ ಸಿಗದೇ ಇದ್ದಿದ್ದು ದೇಶಕ್ಕೆ ಸಿಕ್ಕಿತು.

ಈಗ ಆ ವಾರದ ಕಥೆ. ಏಪ್ರಿಲ್ 24, ಮಂಗಳವಾರ ತೀರ್ಪು. 25ಕ್ಕೆ ಮುಖ್ಯ ನ್ಯಾಯಮೂರ್ತಿ ಸಿಕ್ರಿಯವರ ನಿವೃತ್ತಿ. ಮುಂದಿನವರು ಯಾರು ಅನ್ನೋದಕ್ಕೆ ಆವಾಗ ಸೇವಾ ಹಿರಿತನವೇ ರೂಢಿ. ಮೊದಲು ಶೆಲತ್, ಅವರಾದ ಮೇಲೆ ಹೆಗ್ಡೆ, ಆಮೇಲೆ ಗ್ರೋವರ್. ಶೆಲತ್ ಜುಲೈನಲ್ಲೇ ನಿವೃತ್ತಿ ಆಗೋರಿದ್ದರು. ಹಾಗಾಗಿ ಹೆಗ್ಡೆಯವರು ಮೂರು ತಿಂಗಳು ಕಾದಿದ್ದರೆ ದೇಶದ ಮುಖ್ಯ ನ್ಯಾಯಮೂರ್ತಿ. 1974ರ ಜೂನ್‌ವರೆಗೆ ಆ ಪೀಠ ಅವರದ್ದು. ಸರ್ಕಾರ ಮೂವರನ್ನೂ ದಾಟಿ ನಾಲ್ಕನೆಯವರನ್ನ ನೇಮಿಸಿತು. ಅವರೇ ಎ.ಎನ್. ರೇ. ಬ್ಯಾಂಕಿನ ಮೊಕದ್ದಮೆಯಲ್ಲಿ ಸರ್ಕಾರದ ಪರ ನಿಂತ ಒಬ್ಬರು, ಕೇಶವಾನಂದ ಮೊಕದ್ದಮೆಯಲ್ಲೂ ಆರು ಜನರ ಕಡೆ ಇದ್ದವರು. ದಾಟಿಸಿಕೊಂಡ ಮೂವರೂ ಏಳು ಜನರ ಕಡೆ ಇದ್ದವರು.

ಇದನ್ನ ಲೋಕಸಭೆಯಲ್ಲಿ ಸಮರ್ಥನೆ ಮಾಡಿದವರು ಉಕ್ಕು-ಗಣಿ ಸಚಿವ ಮೋಹನ್ ಕುಮಾರಮಂಗಲಂ, ನಮ್ಮ ಹಳೇ ಸೇಲಂ ಜಿಲ್ಲೆಯ ಜಮೀನ್ದಾರಿ ಮನೆತನದವರು. ಬರೀ ಹಿರಿತನ ನೋಡಿದರೆ ಸಾಲದು, ನ್ಯಾಯಾಧೀಶರ ದೃಷ್ಟಿಕೋನ ಏನು ಅಂತಲೂ ಸರ್ಕಾರ ನೋಡಬೇಕು ಅನ್ನೋದು ಅವರ ವಾದ. ಕೇಳೋದಕ್ಕೆ ತಪ್ಪಿಲ್ಲ ಅನ್ನಿಸುತ್ತೆ. ಅಮೆರಿಕದಲ್ಲಿ ಅಧ್ಯಕ್ಷರೇ ನ್ಯಾಯಾಧೀಶರನ್ನ ಆರಿಸ್ತಾರೆ, ದೃಷ್ಟಿಕೋನ ನೋಡೇ ಆರಿಸ್ತಾರೆ. ಆದರೆ ಅಲ್ಲಿ ಸೆನೆಟ್ ಒಪ್ಪಬೇಕು, ಒಂದ್ಸಲ ಕೂತ ಮೇಲೆ ಜೀವಮಾನ ಪೂರ್ತಿ ಯಾರೂ ಮುಟ್ಟೋ ಹಾಗಿಲ್ಲ. 1937ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ತಮ್ಮ ವಿರುದ್ಧ ತೀರ್ಪು ಬರ್ತಿದೆ ಅಂತ ಕೋರ್ಟಿಗೆ ಹೊಸ ನ್ಯಾಯಾಧೀಶರನ್ನ ತುಂಬೋದಕ್ಕೆ ಹೊರಟಾಗ ಅವರದೇ ಪಕ್ಷ ಹೆಚ್ಚಿದ್ದ ಸೆನೆಟ್ ಅದನ್ನ ಒಪ್ಪಲಿಲ್ಲ. ನಮ್ಮಲ್ಲಿ 1973ರಲ್ಲಿ ತಡೆಯೋರು ಯಾರೂ ಇರಲಿಲ್ಲ. ತೀರ್ಪು ಬಂದ ಮಾರನೇ ದಿನವೇ ಬಡ್ತಿ ತಪ್ಪಿಸಿದರೆ ಅದು ದೃಷ್ಟಿಕೋನ ನೋಡಿದ್ದಲ್ಲ, ಮುಂದಿನವರಿಗೆ ಕೊಟ್ಟ ಎಚ್ಚರಿಕೆ.

ಇನ್ನೊಂದು ಸಂಗತಿ ಇದೆ. ಇಂದಿರಾ ಗಾಂಧಿಯವರ ಚುನಾವಣೆ ವಿರುದ್ಧ ರಾಜ್ ನಾರಾಯಣ್ ಹೂಡಿದ್ದ ಮೊಕದ್ದಮೆಯ ಒಂದು ಮಧ್ಯಂತರ ವಿಷಯ 1972ರಲ್ಲಿ ಹೆಗ್ಡೆಯವರಿದ್ದ ಪೀಠದ ಮುಂದೆ ಬಂದು, ರಾಜ್ ನಾರಾಯಣ್‌ಗೆ ಅನುಕೂಲವಾದ ಆದೇಶ ಆಗಿತ್ತು. ತನ್ನನ್ನ ದಾಟಿಸೋದಕ್ಕೆ ಇದೂ ಕಾರಣ ಅಂತ ಹೆಗ್ಡೆಯವರು ನಂಬಿದ್ದರು. ಅದೇ ಮೊಕದ್ದಮೆಯಲ್ಲೇ 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಇಂದಿರಾ ಗಾಂಧಿಯವರ ಆಯ್ಕೆ ರದ್ದು ಮಾಡಿದ್ದು, ಆ ತಿಂಗಳೇ ತುರ್ತು ಪರಿಸ್ಥಿತಿ ಬಂದಿದ್ದು.

ಶೆಲತ್, ಹೆಗ್ಡೆ, ಗ್ರೋವರ್ ಮೂವರೂ ರಾಜೀನಾಮೆ ಕೊಟ್ಟರು. ತಮಗಿಂತ ಕಿರಿಯರ ಕೈಕೆಳಗೆ ಸುಮ್ಮನೆ ಕೂತಿದ್ದರೆ ಸಂಬಳ, ಬಂಗಲೆ, ಕಾರು ಎಲ್ಲ ಇರ್ತಿತ್ತು. ಬಡ್ತಿ ಪಟ್ಟಿಯಲ್ಲಿ ಹೆಸರು ಹಾರಿದರೆ ಮನುಷ್ಯನಿಗೆ ಏನಾಗುತ್ತೆ ಅಂತ ಕೆಲಸದಲ್ಲಿರೋರಿಗೆಲ್ಲ ಗೊತ್ತು. ನೂರಕ್ಕೆ ತೊಂಬತ್ತು ಜನ ಹಲ್ಲು ಕಚ್ಚಿಕೊಂಡು ಇರ್ತೀವಿ, ಮನೆ ಸಾಲ ಇದೆ, ಮಕ್ಕಳ ಫೀಸು ಇದೆ. ಅವರು ಇರಲಿಲ್ಲ. ಸುಮ್ಮನೆಯೂ ಕೂರಲಿಲ್ಲ. ನ್ಯಾಯಾಂಗದ ಸ್ವಾತಂತ್ರ್ಯದ ಬಗ್ಗೆ ಬರೆದರು, ಮಾತಾಡಿದರು.

1977ರಲ್ಲಿ ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣದಲ್ಲಿ ನಿಂತು ಗೆದ್ದರು. ಆ ಜುಲೈನಲ್ಲಿ ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿ ಆಗೋದಕ್ಕೆ ಸಭಾಧ್ಯಕ್ಷ ಸ್ಥಾನ ಬಿಟ್ಟಾಗ, ಹೆಗ್ಡೆಯವರು ಲೋಕಸಭೆಯ ಸ್ಪೀಕರ್ ಆದರು, 1980ರ ಜನವರಿವರೆಗೆ. ನ್ಯಾಯಾಧೀಶರಾಗಿದ್ದವರು ಪಕ್ಷದ ಟಿಕೆಟ್ಟಿನಲ್ಲಿ ನಿಲ್ಲಬಹುದಾ ಅನ್ನೋ ಪ್ರಶ್ನೆ ಕೇಳೋರು ಇದ್ದಾರೆ, ಕೇಳಲೇಬೇಕು. ರಾಜಕೀಯದಿಂದ ಪೀಠಕ್ಕೆ, ಪೀಠದಿಂದ ರಾಜಕೀಯಕ್ಕೆ ಓಡಾಡೋದು ಒಳ್ಳೇ ರೂಢಿ ಅಂತ ನಾವೂ ಹೇಳೋದಿಲ್ಲ. ಅವರ ವಿಷಯದಲ್ಲಿ ಒಂದು ವ್ಯತ್ಯಾಸ ಉಂಟು. ಪೀಠದಲ್ಲಿದ್ದಾಗ ಅಧಿಕಾರದಲ್ಲಿ ಇದ್ದಿದ್ದು ತಾವು ಹಿಂದೆ ಇದ್ದ ಪಕ್ಷವೇ. ಅದಕ್ಕೆ ಬೇಡವಾದ ತೀರ್ಪು ಬರೆದು ನಷ್ಟ ಮಾಡಿಕೊಂಡರೇ ಹೊರತು, ಬೇಕಾದ್ದು ಬರೆದು ಲಾಭ ಮಾಡಿಕೊಳ್ಳಲಿಲ್ಲ.

1979ರಲ್ಲಿ ಕಾರ್ಕಳದ ಹತ್ತಿರ ನಿಟ್ಟೆಯಲ್ಲಿ ವಿದ್ಯಾಸಂಸ್ಥೆ ಶುರು ಮಾಡಿದರು. ಅದೇ ಇವತ್ತು ವಿಶ್ವವಿದ್ಯಾಲಯ ಆಗಿದೆ. 1990ರ ಮೇ 24ರಂದು ತೀರಿಕೊಂಡರು. ಮಗ ಸಂತೋಷ್ ಹೆಗ್ಡೆಯವರು ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾದರು, ಆಮೇಲೆ ಕರ್ನಾಟಕದ ಲೋಕಾಯುಕ್ತರು. 2011ರ ಅಕ್ರಮ ಗಣಿಗಾರಿಕೆ ವರದಿ ಕೊಟ್ಟವರು ಅವರೇ.

ಈಗ ಲೆಕ್ಕ ಕೂಡೋಣ. ಹೆಗ್ಡೆಯವರು ಬಿಟ್ಟುಕೊಟ್ಟಿದ್ದು ಹೆಚ್ಚು ಕಡಿಮೆ ಹನ್ನೊಂದು ತಿಂಗಳ ಮುಖ್ಯ ನ್ಯಾಯಮೂರ್ತಿ ಪೀಠ. ಉಳಿದಿದ್ದು? 1975ರ ನವೆಂಬರಿನಲ್ಲಿ ಕೇಶವಾನಂದ ತೀರ್ಪನ್ನ ಮರುಪರಿಶೀಲನೆ ಮಾಡೋದಕ್ಕೆ ಮುಖ್ಯ ನ್ಯಾಯಮೂರ್ತಿ ರೇ ಮತ್ತೆ 13 ಜನರ ಪೀಠ ಕೂರಿಸಿದರು. ಎರಡು ದಿನದ ವಾದ ಆದ ಮೇಲೆ ಅವರೇ ಪೀಠ ವಿಸರ್ಜಿಸಬೇಕಾಯ್ತು. 1980ರಲ್ಲಿ ಮಿನರ್ವ ಮಿಲ್ಸ್ ಮೊಕದ್ದಮೆ, ಅದೂ ಬೆಂಗಳೂರಿನ ಗಿರಣಿಯದ್ದೇ, ಅದರಲ್ಲಿ ತುರ್ತು ಪರಿಸ್ಥಿತಿ ಕಾಲದ 42ನೇ ತಿದ್ದುಪಡಿಯ ಮುಖ್ಯ ಭಾಗಗಳು ಬಿದ್ದವು. ಬಿದ್ದಿದ್ದು ಇದೇ ಮೂಲ ರಚನೆ ತತ್ವದ ಮೇಲೆ.

ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಎರಡು ಕೀ ಇರುತ್ತೆ, ಇಬ್ಬರ ಹತ್ತಿರ. ಒಬ್ಬರೇ ತೆಗೆಯೋದಕ್ಕಾಗಲ್ಲ. 1973ರ ಏಪ್ರಿಲ್ 24ರ ನಂತರ ಸಂವಿಧಾನಕ್ಕೂ ಹಾಗೇ. ಬಹುಮತದ ಹತ್ತಿರ ಒಂದು ಕೀ, ಕೋರ್ಟಿನ ಹತ್ತಿರ ಒಂದು. ನಮ್ಮ ಭಾಷೆ, ಲಿಪಿ ಉಳಿಸಿಕೊಳ್ಳೋ 29ನೇ ವಿಧಿ, ನಮ್ಮದೇ ಶಾಲೆ ನಡೆಸೋ 30ನೇ ವಿಧಿ ಮೂಲಭೂತ ಹಕ್ಕುಗಳು. ಅವನ್ನ ತಿದ್ದಲೇಬಾರದು ಅಂತ ತೀರ್ಪು ಹೇಳಿಲ್ಲ, ಅದನ್ನ ಸ್ಪಷ್ಟವಾಗಿ ತಿಳ್ಕೊಳ್ಳಿ. ತಿದ್ದಿದರೆ ಅದನ್ನ ಒರೆಗೆ ಹಚ್ಚೋ ಅಧಿಕಾರ ಕೋರ್ಟಿಗೆ ಇದೆ ಅಂತ ಹೇಳಿದೆ. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ 11 ನ್ಯಾಯಾಧೀಶರ ಪೀಠ, ಅಲ್ಪಸಂಖ್ಯಾತರು ಯಾರು ಅಂತ ಆಯಾ ರಾಜ್ಯದ ಲೆಕ್ಕದಲ್ಲೇ ನೋಡಬೇಕು ಅಂತು. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಹತ್ತನೇ ತರಗತಿಯ ನಮ್ಮ ಮಕ್ಕಳ ಭಾಷಾ ಪರೀಕ್ಷೆ ವಿಷಯ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಗಿ ವಿನಾಯಿತಿ ಸಿಕ್ಕಿತು. ತಮಿಳು ಕಲಿಯೋದಕ್ಕೆ ನಮಗೆ ತಕರಾರಿಲ್ಲ, ಸಂತೆಯಲ್ಲಿ, ಕಚೇರಿಯಲ್ಲಿ ದಿನಾ ಆಡೋ ಭಾಷೆ. ನಮ್ಮದನ್ನ ಬಿಟ್ಟು ಕಲಿ ಅಂದಾಗ ಮಾತ್ರ ಹೋಗೋದಕ್ಕೆ ಒಂದು ಬಾಗಿಲು ಬೇಕು.

ಆ ಬಾಗಿಲು ತಾನಾಗಿ ತೆರೆಯಲ್ಲ. ಅದಕ್ಕೆ ಎರಡು ಕೋರಿಕೆ. ಒಂದು, 350ನೇ ವಿಧಿ ಪ್ರಕಾರ ನಿಮ್ಮ ಅಹವಾಲನ್ನ ಕೇಂದ್ರದಲ್ಲೋ ರಾಜ್ಯದಲ್ಲೋ ಬಳಕೆಯಲ್ಲಿರೋ ಯಾವ ಭಾಷೆಯಲ್ಲಾದರೂ ಬರೆದು ಕೊಡೋ ಹಕ್ಕು ನಿಮಗೆ ಇದೆ. ಬಾಯಿ ಮಾತಲ್ಲಿ ಹೇಳಿ ವಾಪಸ್ ಬರಬೇಡಿ, ಬರೆದು ಕೊಡಿ, ತಾರೀಖು ಹಾಕಿಸಿ ಸ್ವೀಕೃತಿ ಇಸ್ಕೊಳ್ಳಿ. ಕಾಗದ ಇಲ್ಲದೆ ಯಾವ ಕೋರ್ಟೂ ಏನೂ ಮಾಡೋದಕ್ಕಾಗಲ್ಲ. ಬರೆಯೋದಕ್ಕೆ ಆಗದ ಅಜ್ಜಿ-ತಾತಂದಿರಿಗೆ ನಾವು ಬರೆದು ಕೊಡ್ತೀವಿ, ಭಾನುವಾರ ಬನ್ನಿ. ಎರಡು, ಇಲ್ಲಿ ಕೂತಿರೋ ಮಕ್ಕಳಲ್ಲಿ ಒಬ್ಬರಾದರೂ ಕಾನೂನು ಓದಿ. ನಮ್ಮ ಹುಡುಗರು ಐಟಿಐ ಮುಗಿಸಿ ಹೊಸೂರಿನ ಫ್ಯಾಕ್ಟರಿಗಳಿಗೆ ಹೋಗ್ತಾರೆ, ಹುಡುಗಿಯರು ನರ್ಸಿಂಗ್, ಬಿ.ಎಡ್. ಮಾಡ್ತಾರೆ, ಒಳ್ಳೇದು. ಕನ್ನಡದಲ್ಲಿ ಕಷ್ಟ ಕೇಳಿ, ತಮಿಳಿನಲ್ಲೂ ಇಂಗ್ಲಿಷಿನಲ್ಲೂ ವಾದಿಸೋ ಒಬ್ಬ ವಕೀಲರು ಈ ಕಡೆ ಹಳ್ಳಿಗಳಿಗೆ ಬೇಕು. ಕೌಡೂರಿನ ಹುಡುಗ ಮದ್ರಾಸಿಗೆ ಹೋಗಿ ಕಾನೂನು ಓದಬಹುದಾದರೆ ಬೇರಿಕೆಯ ಹುಡುಗಿಯೂ ಓದಬಹುದು.

 ಪ್ರಶ್ನೆ ಇದ್ದರೆ ಕೇಳಿ, ಗೊತ್ತಿದ್ದಷ್ಟು ಹೇಳ್ತೀವಿ.